ಮಾವನ ಫೋನು

ಮೇ ತಿಂಗಳ ರಜೆಯ ಒಂದು ಶುಕ್ರವಾರ, ಮಧ್ಯಾಹ್ನ ಮೂರೂವರೆಗೆ, ಈಶ್ವರನ್ ಸೇಲಂನಲ್ಲಿರುವ ತಂಗಿಯ ಮನೆಯ ಬಾಗಿಲಿಗೆ ಬಂದ. ಕೈಯಲ್ಲಿ ತನ್ನ ಊರು ಕಂಬೈನಲ್ಲೂರಿನಿಂದ ತಂದ ಮಾವಿನಹಣ್ಣಿನ ಚೀಲವಿತ್ತು. ಅದೇ ಹೊತ್ತಿಗೆ ತಂಗಿಯ ಮಗಳು ಸುಗನ್ಯಾ ಮಾಳಿಗೆಯಲ್ಲಿ ಅವನ ಜೊತೆಗೇ ಫೋನಿನಲ್ಲಿ ಮಾತನಾಡುತ್ತಿದ್ದಳು. ಅವಳ ತಾಯಿ ರಾಧಾ ಹಾಗೆಂದೇ ತಿಳಿದಿದ್ದಳು.

ರಾಧಾ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಪಂಚೆ ನೇಯುತ್ತಿದ್ದಳು.

"ಬಾ ಅಣ್ಣ. ಫೋನಲ್ಲಿ ಮಾತಾಡ್ಕೊಂಡೇ ಬಂದ್ಯಾ? ನಾಳಿಕ್ಕೆ ಬರೋಳ್ನ ಕರ್ಕೊಂಡೋಗಕ್ಕೆ ಇವತ್ತೇ ಬಂದ್ಬುಟ್ಟೆ."

"ಯಾವ ಫೋನು? ನಂದು ಬಸ್ಸಲ್ಲೇ ಚಾರ್ಜ್ ಓಯ್ತು. ಯಾರ್ನ ಕರ್ಕೊಂಡೋಗದು?"

ಮಾಳಿಗೆಯಿಂದ ಸುಗನ್ಯಾಳ ದನಿ ಕೇಳಿಸಿತು. "ಸರಿ ಮಾವ. ಅನ್ನೊಂದು ಗಂಟೆಗೆ. ಓಮಲೂರಲ್ಲೇ ಇಳೀತೀನಿ."

ರಾಧಾ ಅಣ್ಣನ ಮುಖ ನೋಡಿದಳು. ಅವನು ಮಾಳಿಗೆಯ ಮೆಟ್ಟಿಲು ನೋಡುತ್ತಿದ್ದ. ಮಗ್ಗ ತುಳಿಯುತ್ತಿದ್ದ ಅವಳ ಕಾಲು ನಿಂತುಹೋಯಿತು.

ಆ ಮನೆಯಲ್ಲಿ ಫೋನಿನ ಮೇಲೆ ಕಾವಲಿರಲಿಲ್ಲ ಎನ್ನುವಂತಿಲ್ಲ. ಸುಗನ್ಯಾಳಿಗೆ ಹದಿಮೂರು ವರ್ಷ. ಶಂಕಗಿರಿಯ ಮಾಲೀಕನೊಬ್ಬನ ಲಾರಿ ಓಡಿಸುವ ಅವಳ ತಂದೆ ಗೋಪಿನಾಥ್ ಫೋನ್ ಕೊಡಿಸಿದ ದಿನವೇ ಅದರಲ್ಲಿ ಮಕ್ಕಳ ಮೇಲೆ ನಿಗಾ ಇಡುವ ಆ್ಯಪ್ ಹಾಕಿದ್ದ. ಅವನು ಒಪ್ಪದೆ ಹೊಸ ಆ್ಯಪ್ ಇಳಿಯುವುದಿಲ್ಲ. ದಿನಕ್ಕೆ ಒಂದೂವರೆ ಗಂಟೆ ದಾಟಿದರೆ ಪರದೆ ತಾನೇ ಬಂದ್ ಆಗುತ್ತದೆ. ವಾರಕ್ಕೊಂದು ವರದಿ ಅವನ ಫೋನಿಗೆ ಬರುತ್ತದೆ. ಕಾರಿನ ಪಂದ್ಯದ ಒಂದು ಆಟಕ್ಕೆ ಒಪ್ಪಿಗೆ ಕೊಟ್ಟವನು ಅವನೇ. ಆಡುತ್ತಲೇ ಮಾತನಾಡಲು, ಸಂದೇಶ ಕಳಿಸಲು ಅದರಲ್ಲಿ ದಾರಿಯಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಅವನಿಲ್ಲದ ದಿನ ರಾಧಾ ಕಿವಿಯಿಂದ ಕಾಯುತ್ತಿದ್ದಳು. ಮಗಳು ಫೋನಿನಲ್ಲಿ ತಮಿಳು ಮಾತನಾಡಿದರೆ ಮಗ್ಗ ನಿಲ್ಲಿಸಿ "ಯಾರದು?" ಎನ್ನುವಳು. ಪ್ರತಿ ಸಲವೂ ಶಾಲೆಯ ಗೆಳತಿಯರೇ ಆಗಿರುತ್ತಿದ್ದರು. ಕನ್ನಡ ಕೇಳಿದರೆ ಲಾಳಿ ನಿಲ್ಲುತ್ತಿರಲಿಲ್ಲ. ತಮಿಳು ಬೀದಿಯದು, ಶಾಲೆಯದು, ಆಸ್ಪತ್ರೆಯದು. ಕನ್ನಡ ಮನೆಯದು, ಅದನ್ನು ಮಾತನಾಡುವವರು ನೆಂಟರು. ಈ ಲೆಕ್ಕವನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಮನೆಯಲ್ಲೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಒಂದು ತಿಂಗಳಿಂದ ಕನ್ನಡ ಆಡುತ್ತಿದ್ದಳು. ಫೋನಿನಲ್ಲಿ ದಿನವೂ ಮಾತನಾಡುವುದು ಮಾವನ ಜೊತೆ ಎಂದಿದ್ದಳು. ರಾಧಾಳ ಅತ್ತೆ ರಾಜಾತಿಗಂತೂ ಹಿಗ್ಗು. "ಈಶ್ವರನ್ ದಯೆಯಿಂದ ಬಾಯಿಗೆ ನಮ್ ಮಾತು ಬಂತು" ಎಂದು ಓಣಿಯಲ್ಲೆಲ್ಲ ಹೇಳಿದ್ದಳು.

ಬುಧವಾರ ಸುಗನ್ಯಾ, "ಶನಿವಾರ ಮಾವನ ಊರ್ಗೆ ಓಗ್ಲಾ? ಮಾವನೇ ಓಮಲೂರಿಗೆ ಬತ್ತಾರಂತೆ" ಎಂದಿದ್ದಳು. ರಾಧಾ ಸರಿ ಎಂದಿದ್ದಳು. ಮಗಳ ಜೊತೆ ದಿನವೂ ಮಾತನಾಡುವ ಅಣ್ಣನನ್ನು ಮತ್ತೆ ಕೇಳುವುದೇನು ಎಂದುಕೊಂಡಳು. ಮಗಳ ಬಟ್ಟೆ ಇಸ್ತ್ರಿಯಾಗಿತ್ತು. ಓಮಲೂರಿನ ಮೇಲೆ ಹೋಗುವ ಧರ್ಮಪುರಿ ಬಸ್ಸಿಗೆ ಹತ್ತಿಸಬೇಕಿದ್ದವಳೂ ರಾಧಾಳೇ.

ಇಬ್ಬರೂ ಮೆಟ್ಟಿಲು ಹತ್ತಿದರು. ಸುಗನ್ಯಾ ಗೋಡೆಗೆ ಒರಗಿ ಕುಳಿತಿದ್ದಳು. ತಾಯಿಯ ಹಿಂದೆ ಮಾವ ಕಂಡದ್ದೇ ಅವಳ ಬಾಯಿ ಕಟ್ಟಿತು. ಫೋನ್ ಸ್ಪೀಕರ್‌ನಲ್ಲಿತ್ತು.

"ಯಾಕ್ ಮಗಾ ಸುಮ್ಕಾದೆ?" ಗಂಡಸಿನ ದನಿ, ವಯಸ್ಸಾದ ದನಿ. "ಅಮ್ಮ ಬಂದ್ಲಾ? ಬಂದಿದ್ರೆ ಮಾವ ಅನ್ನು, ಸಾಕು."

ಈಶ್ವರನ್ ಮುಂದಕ್ಕೆ ನುಗ್ಗಿದ. ರಾಧಾ ಅವನ ಬಾಯಿಗೆ ಅಂಗೈ ಒತ್ತಿ, ಮಗಳ ಕಡೆ ತಲೆಯಾಡಿಸಿದಳು.

"ಹೂಂ ಮಾವ," ಎಂದಳು ಸುಗನ್ಯಾ. "ಆಮೇಲ್ ಮಾತಾಡ್ತೀನಿ."

ಫೋನ್ ಕೆಳಗಿಟ್ಟ ಮೇಲೆ ಅವಳು ಹೇಳಿದ್ದು ಇಷ್ಟು. ಆಟದಲ್ಲಿ ಮೈಕ್ ಹಾಕಿದ್ದಾಗ ಅಜ್ಜಿ ಊಟಕ್ಕೆ ಕೂಗಿದ್ದು ಅವನಿಗೆ ಕೇಳಿಸಿತು. ನೀವೂ ಕನ್ನಡದೋರಾ ಎಂದ. ಹೆಸರು ಶಿವಾ. ಫೋಟೋ ಕೇಳಿದ, ಸ್ಕೂಲ್ ಯೂನಿಫಾರ್ಮಿನ ಒಂದು ಕಳಿಸಿದಳು. ಹೊಸ ಫೋನ್ ಕೊಡುತ್ತೇನೆ ಅಂದಿದ್ದಾನೆ. ಅವನನ್ನು ನೋಡಿಲ್ಲ.

"ಯಾರೂಂತ ಗೊತ್ತಿಲ್ದೆ ಓಗಕ್ಕೆ ಒಪ್ಕೊಂಡ್ಯಾ?"

"ನಮ್ಮೋರು ತಾನೇ ಅಮ್ಮ."

ರಾಧಾ ತನ್ನ ಫೋನಿನಿಂದ ಗಂಡನಿಗೆ ಕರೆ ಮಾಡಿದಳು.

ಗೋಪಿನಾಥ್ ಫೋನಿಗೆ ಸಿಕ್ಕಾಗ ಕೃಷ್ಣಗಿರಿ ದಾಟಿದ್ದ. ಲಾರಿ ಬದಿಗೆ ಹಾಕಿ ಎಲ್ಲ ಕೇಳಿದ. "ವಾರವಾರ ರಿಪೋರ್ಟ್ ನೋಡಿವ್ನಿ ರಾಧಾ. ಒಂದ್ ನಿಮ್ಸ ಜಾಸ್ತಿ ಇರ್ಲಿಲ್ಲ." ಆಮೇಲೆ, "ಒಡದಾಕು ಅದ್ನ," ಎಂದ.

"ಒಡದ್ರೆ ಅವ್ನ್ಯಾರೂಂತ ಎಂಗ್ ತಿಳೀತೈತೆ ಭಾವ?" ಎಂದ ಈಶ್ವರನ್. "ಏನೂ ಅಳಿಸ್ಬ್ಯಾಡಿ."

ರಾಧಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದಳು. ಐದೂವರೆಗೆ ಅವರು ಮಹಿಳಾ ಪೊಲೀಸ್ ಠಾಣೆಯಲ್ಲಿದ್ದರು.

ಸಂದೇಶಗಳು ತಮಿಳು ಅಕ್ಷರದಲ್ಲಿದ್ದವು, ಮಾತು ಮಾತ್ರ ಕನ್ನಡ. ಇನ್ಸ್‌ಪೆಕ್ಟರ್‌ಗೆ ಅಕ್ಷರ ಓದಲು ಬಂತು, ಅರ್ಥವಾಗಲಿಲ್ಲ. "ನೀವೇ ಓದಿ ತಮಿಳಲ್ಲಿ ಹೇಳಿಮ್ಮಾ" ಎಂದರು. ಸುಗನ್ಯಾಳನ್ನು ಮಾವನ ಜೊತೆ ಹೊರಗೆ ಕೂರಿಸಿ ರಾಧಾ ಓದತೊಡಗಿದಳು. ನಲವತ್ತೆರಡು ದಿನದ ಮಾತು. ಅಜ್ಜಿಗೆ ಮಂಡಿ ನೋವು ಹೇಗಿದೆ. ಅಪ್ಪನಿಗೆ ಲೋಡ್ ಯಾವತ್ತು. ಅಮ್ಮ ಮಗ್ಗದಿಂದ ಎಷ್ಟೊತ್ತಿಗೆ ಏಳುತ್ತಾಳೆ. ಹನ್ನೊಂದನೆಯ ದಿನದ್ದನ್ನು ಅವಳು ಎರಡು ಸಲ ಓದಿದಳು: 'ಮನೇಲಿ ತಮಿಳು ಬ್ಯಾಡ. ಕನ್ನಡದಲ್ಲೇ ಮಾತಾಡು. ಯಾರೂ ಏನೂ ಕೇಳಲ್ಲ.'

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಯಾರೂ ಕೇಳಲ್ಲ ಅಂತ ಅವನಿಗೆ ಹೇಗೆ ಗೊತ್ತು?"

ರಾಧಾ ಗೊತ್ತಿಲ್ಲ ಎಂದಳು.

ಶನಿವಾರ ಸುಗನ್ಯಾ ಮನೆಯಲ್ಲೇ ಇದ್ದಳು. ಬಸ್ ಹತ್ತಿದೆ ಎಂಬ ಸಂದೇಶವನ್ನು ರಾಧಾ ಕನ್ನಡದಲ್ಲಿ ಹೇಳಿಕೊಟ್ಟಂತೆ ಪೊಲೀಸರೇ ಅವಳ ಫೋನಿನಿಂದ ಕಳಿಸಿದರು. ಹನ್ನೊಂದೂ ಹತ್ತಕ್ಕೆ ಓಮಲೂರು ಬಸ್ ನಿಲ್ದಾಣದಲ್ಲಿ ಒಬ್ಬನನ್ನು ಹಿಡಿದರು. ವಯಸ್ಸು ನಲವತ್ತೊಂಬತ್ತು. ಅವನ ಬಳಿ ಹೊಸ ಫೋನಿನ ಪೆಟ್ಟಿಗೆಯಿರಲಿಲ್ಲ. ಅಂದೇ ರಾತ್ರಿ ದೂರದ ಊರಿಗೆ ಹೊರಡುವ ಬಸ್ಸಿನ ಎರಡು ಟಿಕೆಟ್ ಇದ್ದವು.

ಮಧ್ಯಾಹ್ನ ರಾಧಾ ಠಾಣೆಯಿಂದ ಮರಳಿದಾಗ ರಾಜಾತಿ ಜಗಲಿಯ ಮೇಲೆ ಕಾದಿದ್ದಳು.

"ಸಿಕ್ಕಿದ್ನಾ?"

"ಸಿಕ್ಕಿದ ಅತ್ತೆ."

"ತಮಿಳೋನು ತಾನೇ? ನಮ್ ಮಾತು ಕಲ್ತ್ಕೊಂಡು ಮೋಸ ಮಾಡಿರ್ಬೇಕು."

"ಇಲ್ಲ ಅತ್ತೆ," ಎಂದಳು ರಾಧಾ. "ಮನೆ ಮಾತೂ ಕನ್ನಡವೇ. ಮನೇಲಿ ಎಂಡ್ರು ಅವ್ಳೆ. ನಮ್ ಸುಗನ್ಯಾ ವಯಸ್ಸಿನ ಮಗ್ಳೂ ಅವ್ಳೆ."

ರಾಜಾತಿ ಮಂಡಿ ಹಿಡಿದು ಎದ್ದಳು. ಒಳಗಿನಿಂದ ಸುಗನ್ಯಾ ನೀರು ತಂದು ತಾಯಿಗೆ ಕೊಟ್ಟಳು. ಮಾತನಾಡಿದ್ದು ತಮಿಳಿನಲ್ಲಿ.