ಒಣಗೋದೂ ಒಂದು ಎಣ್ಣೇನಾ?

ಗಂಡಸಿ ಊರಿನ ಲಕ್ಕಪ್ಪನ ಮನೆಯಲ್ಲಿ ಫೋಟೋಗಳಿಗೇನೂ ಬರವಿಲ್ಲ. ಆದರೆ ಹೆಂಡತಿ ಅನುಸೂಯಮ್ಮ ಕಣ್ಣು ಬಿಟ್ಟುಕೊಂಡಿರುವ ಫೋಟೋ ಹುಡುಕಿದರೆ ಒಂದೂ ಸಿಗುವುದಿಲ್ಲ. ಮದುವೆ ಫೋಟೋದಲ್ಲಿ ಕಣ್ಣು ಮುಚ್ಚಿದ್ದಾಳೆ. ಮಗ ಮಂಜುನಾಥನ ಮದುವೆ ಆಲ್ಬಮ್ಮಿನಲ್ಲಿ ಧಾರೆ ಎರೆಯುವಾಗ, ಊಟಕ್ಕೆ ಕೂತಾಗ, ನೆಂಟರ ಜೊತೆ ಸಾಲಾಗಿ ನಿಂತಾಗ, ಎಲ್ಲ ಕಡೆಯೂ ಮುಚ್ಚಿದ್ದಾಳೆ. ಕ್ಯಾಮೆರಾದವನು ‘ರೆಡಿ’ ಅಂದನೋ ಇಲ್ಲವೋ, ರೆಪ್ಪೆ ಟಪ್ಪಂತ ಬೀಳಬೇಕು. ಗಂಡನನ್ನು ಗದರುವಾಗ ಮಾತ್ರ ಅದೇ ಕಣ್ಣು ಇಷ್ಟಗಲ ಆಗುತ್ತದೆ. ಆ ಹೊತ್ತಿನಲ್ಲಿ ಫೋಟೋ ತೆಗೆಯುವ ಧೈರ್ಯ ಯಾರಿಗಿದೆ ಹೇಳಿ?

ಲಕ್ಕಪ್ಪನಿಗೆ ಇದು ಒಳಗೊಳಗೇ ಕೊರೆಯುತ್ತಿತ್ತು. ನಡುಮನೆ ಗೋಡೆ ಮೇಲೆ ಅಪ್ಪ, ಅವ್ವ, ದೊಡ್ಡಪ್ಪ ಎಲ್ಲ ಗಂಧದ ಹಾರ ಹಾಕಿಸಿಕೊಂಡು ಕೂತಿದ್ದರು. ಅವರ ಪಕ್ಕದಲ್ಲೇ ಹುಲಿಕೆರೆ ಕೊಳದ ಒಂದು ಆಯಿಲ್ ಪೇಂಟಿಂಗ್. ಅದನ್ನು ಬರೆದವಳು ಸೊಸೆ ಹೇಮಾಶ್ರೀ. ಹಳೇಬೀಡಿನ ಹುಡುಗಿ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ದೀಪಾವಳಿ ಕಳೆದ ಮೇಲೆ ಒಂದು ದಿನ ಆ ಕೊಳವನ್ನೇ ನೋಡುತ್ತ ನಿಂತಿದ್ದ ಲಕ್ಕಪ್ಪ ಸೊಸೆಯನ್ನು ಕರೆದ.

“ಹಾರ ಹಾಕಿರೋ ಫೋಟೋ ಈ ಮನೇಲಿ ಎಲ್ರದೂ ಐತೆ ಕಣಮ್ಮ. ನಿಮ್ಮತ್ತೇದು ಹಾರ ಇಲ್ದೇ ಇರೋದು ಒಂದು ಬೇಕು. ಕಣ್ಣು ಬಿಟ್ಕಂಡಿರೋದು. ಅವಳು ಬದುಕಿರುವಾಗ್ಲೇ, ಅವಳ ಎದುರಿಗೇ ತೂಗಾಕ್ಬೇಕು.”

ಹೇಳುತ್ತ ಹೇಳುತ್ತ ಕಣ್ಣು ಒದ್ದೆಯಾಯಿತು. ಕೆಮ್ಮು ಬಂದವನ ಹಾಗೆ ನಾಟಕ ಆಡಿ ಎದ್ದು ತೋಟಕ್ಕೆ ಹೋದ.

ಸಾಮಾನು ತರಲು ಬೇಲೂರಿಗೆ ತಾನೊಬ್ಬಳೇ ಹೋಗಿಬರುತ್ತೇನೆ ಅಂದಳು ಸೊಸೆ. ಕೇಳಬೇಕಲ್ಲ ಈ ಮಹಾನುಭಾವ! “ಒಳ್ಳೇ ಮಾಲು ಯಾವ್ದು ಅಂತ ನಿಂಗೆಂಗೆ ಗೊತ್ತಾಯ್ತದೆ, ನಾನೂ ಬತ್ತೀನಿ” ಅಂತ ಇಸ್ತ್ರಿ ಶರ್ಟು ಹಾಕಿಕೊಂಡು ಬಸ್ಸು ಹತ್ತಿದ. ಡ್ರಾಯಿಂಗ್ ಟೀಚರಿಗೆ ಹೇಳುವ ಮಾತೇ ಇದು? ಆದರೆ ಲಕ್ಕಪ್ಪನ ಲೆಕ್ಕವೇ ಬೇರೆ. ಅಟ್ಟದ ಮೇಲಿನ ತೆಂಗಿನಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಒಣಗಿ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಬಲ್ಲವನು ಪ್ರಪಂಚದ ಯಾವ ವಸ್ತುವನ್ನಾದರೂ ಪರೀಕ್ಷೆ ಮಾಡಬಲ್ಲ ಅಂತ ಅವನ ನಂಬಿಕೆ.

ಬೇಲೂರಿನಲ್ಲಿ ಶಿಲ್ಪ ನೋಡಿ ಚಿತ್ರ ಬರೆಯಲು ಬರುವವರಿಗಾಗಿ ಶಶಿಧರ್ ಎಂಬಾತ ಒಂದು ಪುಟ್ಟ ಅಂಗಡಿ ಇಟ್ಟಿದ್ದ. ಲಕ್ಕಪ್ಪ ಒಳಗೆ ಹೋದವನೇ ಕ್ಯಾನ್ವಾಸನ್ನು ಪಂಚೆ ಕೊಳ್ಳುವವನ ಹಾಗೆ ಬೆಳಕಿಗೆ ಹಿಡಿದು ನೂಲು ನೋಡಿದ. ಸೊಸೆಯೂ ನೋಡುವುದು ಹಾಗೇ: ನೇಯ್ಗೆ ಒತ್ತಾಗಿರಬೇಕು, ಬೆರಳಲ್ಲಿ ತಟ್ಟಿದರೆ ತಮಟೆ ಹಾಗೆ ಬಿಗಿಯಾಗಿರಬೇಕು. “ನೋಡ್ದಾ?” ಅಂತ ಬೀಗಿದ. ಆಮೇಲೆ ಬಣ್ಣದ ಟ್ಯೂಬನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ. ಟ್ಯೂಬು ತುಟಿ ಪಿಟಕ್ಕೆನ್ನಲಿಲ್ಲ.

“ಮಾವ, ಅದು ಕಾಯಲ್ಲ. ಮೇಲೆ ಬರೆದಿರೋದು ಓದಿ ತಗೋಬೇಕು. ಅಗ್ಗದ್ದರಲ್ಲಿ ಬಣ್ಣಕ್ಕಿಂತ ಸೀಮೆಸುಣ್ಣದ ಪುಡೀನೇ ಜಾಸ್ತಿ. ಕೆಲವು ವರ್ಷದಲ್ಲೇ ಅತ್ತೆ ಕೆನ್ನೆ ಬೂದಿ ಬಣ್ಣ ಆಗೋಗುತ್ತೆ.”

“ಅಯ್ಯಯ್ಯೋ! ಇರೋದ್ರಲ್ಲಿ ಒಳ್ಳೇದೇ ಕೊಡಪ್ಪ” ಅಂದ ಲಕ್ಕಪ್ಪ. ಬ್ರಷ್ಷಿನ ತುದಿಯನ್ನು ಕೆನ್ನೆಗೆ ಸವರಿಕೊಂಡು, “ಗಟ್ಟಿಯಾಗೈತೆ. ಯಾವುದ್ರ ಕೂದ್ಲಪ್ಪ ಇದು?” ಅಂತ ಕೇಳಿದ.

“ಹಂದೀದು ಯಜಮಾನ್ರೇ. ದಪ್ಪ ಬಣ್ಣ ಎಳೆಯೋಕೆ ಇದನ್ನ ಬಿಟ್ರಿಲ್ಲ.”

“ಥೂ ಥೂ! ನನ್ನ ಹೆಂಡ್ತಿ ಮುಖಕ್ಕೆ ಹಂದಿ ಕೂದ್ಲಾ?” ಲಕ್ಕಪ್ಪ ಕರ್ಚೀಫಿನಿಂದ ಕೆನ್ನೆ ತಿಕ್ಕಿದ್ದೇ ತಿಕ್ಕಿದ್ದು. ಅತ್ತೆಗೆ ಹೇಳುವುದಿಲ್ಲ ಅಂತ ಸೊಸೆ ಭಾಷೆ ಕೊಟ್ಟ ಮೇಲೆ ಸಮಾಧಾನವಾಯಿತು.

ಕೊನೆಗೆ ಬಂತು ಎಣ್ಣೆ. ಕಂದು ಗಾಜಿನ ಬಾಟಲಿ. ಮುಚ್ಚಳ ತೆಗೆದು ಮೂಸಿ ಮುಖ ಹಿಂಡಿದ.

“ಅಗಸೆ ಎಣ್ಣೆ ಮಾವ. ಬಣ್ಣಕ್ಕೆ ಕಲಸೋಕೆ. ಇದು ಚೆನ್ನಾಗಿ ಒಣಗುತ್ತೆ, ಅದಕ್ಕೇ ಬೇಕು.”

“ಏನಂದೆ? ಒಣಗ್ತದಾ? ಎಣ್ಣೆ ಅಂದ್ಮೇಲೆ ಒಣಗ್ಬಾರ್ದು ಕಣಮ್ಮ! ಒಣಗೋದೂ ಒಂದು ಎಣ್ಣೇನಾ?”

ಬಸ್ಸು ಹಳೇಬೀಡು ದಾಟಿದರೂ ಅದೇ ರಾಗ. ಸ್ವಂತ ತೋಟದ ಕಾಯಿ, ವರ್ಷಗಟ್ಟಲೆ ಅಟ್ಟದಲ್ಲಿ ಕೂತ ಕೊಬ್ಬರಿ, ಗಾಣದಲ್ಲಿ ಆಡಿಸಿದ ಘಮಘಮ ಎಣ್ಣೆ ಮನೆಯಲ್ಲಿ ಕೊಡಗಟ್ಟಲೆ ಇರುವಾಗ, ಕಟ್ಟಿಕೊಂಡ ಹೆಂಡತಿಯ ಮುಖಕ್ಕೆ ಈ ನಾತದ ಎಣ್ಣೆಯೇ? ಮನಸ್ಸು ಒಪ್ಪಲಿಲ್ಲ. ಅವತ್ತು ಸಂಜೆಯೇ ಯಾರೂ ಇಲ್ಲದ್ದು ನೋಡಿಕೊಂಡು, ಅಗಸೆ ಎಣ್ಣೆಯನ್ನು ಕೊಟ್ಟಿಗೆ ಬಾಗಿಲ ಕೀಲಿಗೆಲ್ಲ ಸುರಿದು, ಅದೇ ಬಾಟಲಿಗೆ ಮನೆಯ ಕೊಬ್ಬರಿ ಎಣ್ಣೆ ತುಂಬಿಸಿಟ್ಟ. ಇಟ್ಟು, ದೇವರಿಗೆ ದೀಪ ಹಚ್ಚಿದವನ ಹಾಗೆ ಕೈಮುಗಿದ ಬೇರೆ!

ಹೇಮಾಶ್ರೀಗೆ ವಾಸನೆ ಗೊತ್ತಾಗಲಿಲ್ಲವೇ ಅಂತ ನೀವು ಕೇಳಬಹುದು. ಆ ಮನೆಯಲ್ಲಿ ತಲೆಗೂದಲಿಂದ ಹಿಡಿದು ತಲೆದಿಂಬಿನವರೆಗೆ ಕೊಬ್ಬರಿ ಎಣ್ಣೆ ವಾಸನೆ ಇಲ್ಲದ್ದು ಯಾವುದಿತ್ತು?

ಮಧ್ಯಾಹ್ನದ ಬಿಸಿಲಲ್ಲಿ ಅನುಸೂಯಮ್ಮ ಜಗಲಿ ಮೇಲೆ ಅವರೆಕಾಯಿ ಬಿಡಿಸುತ್ತ ಕೂರುವಳು, ಸೊಸೆ ಬರೆಯುವಳು. ‘ರೆಡಿ’ ಅನ್ನುವವರು ಯಾರೂ ಇಲ್ಲದ್ದರಿಂದ ರೆಪ್ಪೆ ತನ್ನ ಪಾಡಿಗೆ ತಾನಿತ್ತು. ಚಿತ್ರ ಮುಗಿಯಿತು. ತೆರೆದ ಕಣ್ಣು, ಸೌಮ್ಯ ಮುಖ. ಅನುಸೂಯಮ್ಮ ನೋಡಿ, “ಇದು ನಾನೇನಾ?” ಅಂತ ಸೆರಗು ಬಾಯಿಗಿಟ್ಟುಕೊಂಡು ನಾಚಿದಳು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ನಲವತ್ತು ವರ್ಷ ಸಂಸಾರ ಮಾಡಿದವಳು ಇಷ್ಟು ಖುಷಿಪಟ್ಟಿದ್ದನ್ನು ಲಕ್ಕಪ್ಪ ಕಂಡೇ ಇರಲಿಲ್ಲ.

ಆದರೆ ಚಿತ್ರ ಒಣಗಬೇಕಲ್ಲ! ಒಂದು ವಾರ ಆಯಿತು, ಎರಡಾಯಿತು, ಮಿರಮಿರ ಮಿಂಚುತ್ತಲೇ ಇತ್ತು. ಸೊಸೆ ತಲೆ ಕೆರೆದುಕೊಂಡಳು. “ಕೊಬ್ಬರಿ ಒಣಗಕ್ಕೇ ವರ್ಷ ಬೇಕು, ಬಣ್ಣಕ್ಕೇನು ಅರ್ಜೆಂಟು?” ಅಂತ ಲಕ್ಕಪ್ಪ ಸಮಾಧಾನ ಹೇಳಿದ. ಹೇಳಿದವನು ಸುಮ್ಮನಿರಬಹುದಿತ್ತು. ಒಂದು ಸಂಜೆ ಚಿತ್ರದ ಮುಂದೆ ನಿಂತು, ಈಗ ಹೇಗಿದೆಯೋ ಅಂತ ತೋರುಬೆರಳಲ್ಲಿ ಎಡಗಣ್ಣನ್ನು ಮುಟ್ಟಿಯೇಬಿಟ್ಟ. ಬಣ್ಣ ಜಾರಿತು. ರೆಪ್ಪೆ ಕೆಳಗಿಳಿಯಿತು. ಸರಿಮಾಡಲು ಹೋದ, ಬಲಗಣ್ಣೂ ಹೋಯಿತು.

ಬೆಳಗ್ಗೆ ಎದ್ದು ನೋಡಿದರೆ ಚಿತ್ರದಲ್ಲೂ ಅನುಸೂಯಮ್ಮ ಕಣ್ಣು ಮುಚ್ಚಿದ್ದಾಳೆ! ಅವಳು ಗದರಲಿಲ್ಲ. ಗದರಿದ್ದರೆ ಲಕ್ಕಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. “ತಾನಾಗೇ ಇಳ್ಕಂಡೈತೆ. ನನ್ನ ಹಣೇಲಿ ಬರ್ದಿಲ್ಲ, ಬಿಡಮ್ಮ. ಇನ್ನು ನಾನು ಕೂರಲ್ಲ” ಅಂತ ಮೆಲ್ಲಗೆ ಹೇಳಿ ಒಳಗೆ ಹೋದಳು. ಸೊಸೆ, ಮಗ ಎಷ್ಟು ಹೇಳಿದರೂ ಜಪ್ಪಯ್ಯ ಅನ್ನಲಿಲ್ಲ. ಲಕ್ಕಪ್ಪ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಅಷ್ಟರಲ್ಲಿ ಚಳಿ ಜೋರಾಯಿತು. ಒಂದು ಬೆಳಗ್ಗೆ ಹೇಮಾಶ್ರೀ ಬಣ್ಣದ ಸಾಮಾನು ಎತ್ತಿಡಲು ಹೋಗಿ ಎಣ್ಣೆ ಬಾಟಲಿ ಬಗ್ಗಿಸಿದಳು. ಎಣ್ಣೆ ಅಲ್ಲಾಡಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಬೆಳ್ಳಗೆ ಬೆಣ್ಣೆ ಹಾಗೆ ಗಟ್ಟಿಯಾಗಿದೆ. ಅಗಸೆ ಎಣ್ಣೆ ಯಾವ ಚಳಿಗೆ ಹೀಗೆ ಹೆಪ್ಪುಗಟ್ಟೀತು? ಹೀಗಾಗುವ ಎಣ್ಣೆ ಯಾವುದು ಅಂತ ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಸೀದಾ ಬಂದು ಮಾವನ ಕೈಗೆ ಬಾಟಲಿ ಕೊಟ್ಟಳು.

“ಮಾವ, ಇದನ್ನ ಸ್ವಲ್ಪ ಬಿಸಿಲಿಗಿಡಿ. ಕರಗಿದ ಮೇಲೆ ಅತ್ತೆ ಹತ್ರ ಮಾತಾಡಿ.”

ಲಕ್ಕಪ್ಪ ಬಾಟಲಿ ನೋಡಿದ, ನೆಲ ನೋಡಿದ. ಸೊಸೆ ನಗು ತಡೆದುಕೊಂಡು ಒಳಗೆ ಹೋದಳು.

ಅನುಸೂಯಮ್ಮ ಜಗಲಿ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಲಕ್ಕಪ್ಪ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ.

“ಆ ಕಣ್ಣು ತಾನಾಗಿ ಮುಚ್ಕಂಡಿದ್ದಲ್ಲ ಕಣೇ. ನಾನೇ ಬೆರಳಾಕ್ದೆ.”

ಅವರೆಕಾಯಿ ಬಿಡಿಸುವ ಕೈ ನಿಂತಿತು.

“ಅದು ಒಣಗ್ದೇ ಇದ್ದಿದ್ದಕ್ಕೂ ನಾನೇ ಕಾರಣ. ಸೊಸೆ ತಂದ ಎಣ್ಣೆ ತೆಗೆದು ನಮ್ಮ ಕೊಬ್ಬರಿ ಎಣ್ಣೆ ತುಂಬ್ಸಿಟ್ಟಿದ್ದೆ.”

“ಆ ಎಣ್ಣೆ ಏನ್ ಮಾಡಿದ್ರಿ?”

“ಕೊಟ್ಟಿಗೆ ಬಾಗ್ಲ ಕೀಲಿಗೆ…”

“ಅದಕ್ಕೇ ಆ ಬಾಗ್ಲು ಕಚ್ಕಂಡು ಕೂತಿರೋದು! ದಿನಾ ಹಿತ್ಲು ಸುತ್ತಾಕ್ಕಂಡು ಹಾಲು ಕರೆಯಕ್ಕೆ ಹೋಯ್ತಿದೀನಲ್ರೀ! ನಿಮಗೆ ಯಾರ್ರೀ ಹೇಳಿದ್ದು ಎಣ್ಣೆ ಬದಲಾಯ್ಸಿ ಅಂತ?”

ನೋಡಿ, ಆಗ ತೆರೆಯಿತು ಆ ಕಣ್ಣು! ಒಳ್ಳೆ ಬಟ್ಟಲಷ್ಟು.

“ಮನೇಲಿರೋದ್ರಲ್ಲಿ ಒಳ್ಳೇದನ್ನೇ ನಿನ್ ಮುಖಕ್ಕೆ ಹಾಕಣ ಅಂತ ಕಣೇ” ಅಂದ ಲಕ್ಕಪ್ಪ, ಕೂಸಿನ ಹಾಗೆ.

ಅನುಸೂಯಮ್ಮನ ಸಿಟ್ಟು ಇಳಿಯಲಿಲ್ಲ, ಆದರೆ ಅದರೊಳಗೇ ಎಲ್ಲೋ ಒಂದು ನಗು ಇಣುಕಿತು. ಬಾಗಿಲ ಮರೆಯಿಂದ ಸೊಸೆ ಕೂಗಿದಳು: “ಅತ್ತೆ, ಹಾಗೇ ಇರಿ, ಅಲ್ಲಾಡ್ಬೇಡಿ! ಮಾವ, ನಿಲ್ಲಿಸ್ಬೇಡಿ, ಇನ್ನೇನೇನು ಮಾಡಿದೀರೋ ಎಲ್ಲ ಹೇಳ್ತಾ ಇರಿ!” ಅಲ್ಲಿ ಆಗಲೇ ಹೊಸ ಕ್ಯಾನ್ವಾಸು ನಿಂತಿತ್ತು.

ಲಕ್ಕಪ್ಪ ಹೇಳುತ್ತ ಹೋದ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಬಾಣಾವರದಲ್ಲಿ ಜಾಮೂನು ತಿಂದದ್ದು, ಬಸ್ಸು ತಪ್ಪಿತು ಅಂತ ಹೇಳಿ ಅರಸೀಕೆರೆಯಲ್ಲಿ ಮಸಾಲೆ ದೋಸೆ ಹೊಡೆದದ್ದು, ಅವಳ ಹಿತ್ತಾಳೆ ಚೊಂಬನ್ನು ಬಾವಿಗೆ ಬೀಳಿಸಿ ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದು. ದಿನಕ್ಕೊಂದರಂತೆ ಕಣ್ಣು ಅಗಲವಾಗುತ್ತಲೇ ಇತ್ತು. ನಿಜವಾದ ತಪ್ಪುಗಳು ಮುಗಿದಾಗ, ಪಾಪ, ಮಾಡದೇ ಇದ್ದವನ್ನೂ ಒಪ್ಪಿಕೊಂಡ.

ಈ ಸಲ ಎಣ್ಣೆ ಅಗಸೆಯದೇ. ಯುಗಾದಿ ಹೊತ್ತಿಗೆ ಚಿತ್ರ ಒಣಗಿ ಗೋಡೆಗೇರಿತು. ಮೊದಲಿನದರಲ್ಲಿ ಇದ್ದವಳು ಯಾರೋ ನೆಂಟರ ಹೆಂಗಸು. ಇವಳು ಅನುಸೂಯಮ್ಮ. ಇನ್ನೇನು ಬೈದೇಬಿಡುತ್ತಾಳೆ, ಬೈದಾದ ಮೇಲೆ ಕಾಫಿ ಕೊಡುತ್ತಾಳೆ, ಹಾಗಿತ್ತು ನೋಟ. ಲಕ್ಕಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

“ಮುಟ್ಟಿ ನೋಡಿ.”

“ಬ್ಯಾಡ ಕಣೇ.”

ಅನುಸೂಯಮ್ಮ ಅವನ ಕೈ ಬಿಡಿಸಿ, ಅದೇ ತೋರುಬೆರಳನ್ನು ಹಿಡಿದು, ಚಿತ್ರದ ಎಡಗಣ್ಣಿನ ಮೇಲೆ ಎಳೆದಳು. ಬೆರಳಿಗೆ ಏನೂ ಅಂಟಲಿಲ್ಲ.

“ನಾಳೆ ನನಗೂ ಹಾರ ಹಾಕೋ ದಿನ ಬತ್ತದೆ. ಆಗ್ಲೂ ಹಿಂಗೇ ನೋಡ್ತಿರ್ತೀನಿ. ಎಣ್ಣೆ ಗಿಣ್ಣೆ ಮುಟ್ಟೀರಾ, ಹುಷಾರ್!”

ಲಕ್ಕಪ್ಪನ ಕಣ್ಣಲ್ಲಿ ನೀರು ಬಂತು. ಕೆಮ್ಮಿನ ನಾಟಕ ಈ ಸಲ ನೆನಪಾಗಲಿಲ್ಲ.

ಮಂಜುನಾಥ ಮೊಬೈಲು ಎತ್ತಿ, “ಇಬ್ರೂ ಅಲ್ಲೇ ನಿಂತ್ಕಳಿ, ರೆಡಿ!” ಅಂದ. ಆ ಫೋಟೋ ಈಗಲೂ ಅವನ ಮೊಬೈಲಿನಲ್ಲಿದೆ. ಲಕ್ಕಪ್ಪ ಅಳುತ್ತಿದ್ದಾನೆ, ಪಕ್ಕದಲ್ಲಿ ಅನುಸೂಯಮ್ಮ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದಾಳೆ, ಗೋಡೆ ಮೇಲಿನ ಅನುಸೂಯಮ್ಮ ಇಬ್ಬರನ್ನೂ ನೋಡುತ್ತಿದ್ದಾಳೆ.