ಎಣ್ಣೆ ತಾಗದ ಸ್ಲೈಡುಗಳು

ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಲ್ಯಾಬಿನ ಟೆಕ್ನಿಶಿಯನ್‌ಗೆ ಅವಳ ಅಮ್ಮನ ಫೋನ್ ಬಂತು. ತಮ್ಮನಿಗೆ ಮತ್ತೆ ನೂರಮೂರು ಡಿಗ್ರಿ ಜ್ವರ.

"ಮಲೇರಿಯಾ ಅಲ್ಲ ಅಂತ ನಿಮ್ಮೋರೇ ಬರ್ಕೊಟ್ರಲ್ಲೇ. ಮತ್ತೆ ಮಂಚ ಅಲ್ಲಾಡೋ ಹಾಗೆ ನಡುಗ್ತಾನಲ್ಲ!"

ಮೂರು ವಾರದಿಂದ ಲ್ಯಾಬಿನಲ್ಲಿ ಎರಡು ಮಲೇರಿಯಾ ಪರೀಕ್ಷೆಗಳ ಹೋಲಿಕೆ ನಡೆದಿತ್ತು. ಒಂದೇ ರಕ್ತ: ಒಂದು ಹನಿ ದಿಢೀರ್ ಪರೀಕ್ಷೆಯ ಕಾರ್ಡಿಗೆ, ಒಂದು ಹನಿ ಗಾಜಿನ ಸ್ಲೈಡಿಗೆ. ಕಾರ್ಡ್ ಅವಳದು, ಕಾಲು ಗಂಟೆಯ ಕೆಲಸ. ಸ್ಲೈಡಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಹುಡುಕುವುದು ಹಿರಿಯ ಟೆಕ್ನಿಶಿಯನ್ ಒಬ್ಬರದು. ಅವಳಿಗೆ ಕೆಲಸ ಕಲಿಸಿದವರು, ಎಲ್ಲರಿಗೂ ಮೇಷ್ಟ್ರು. ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ನೋಡಬಾರದು ಎಂಬುದು ನಿಯಮ. ಎರಡೂ ತಾಳೆಯಾದರೆ ಮುಂದೆ ಕಾರ್ಡೊಂದೇ ಸಾಕು. ಇಲ್ಲಿಯವರೆಗೆ ಒಂದೂ ತಪ್ಪದೆ ತಾಳೆಯಾಗಿತ್ತು.

ಅವಳು ಪೆಟ್ಟಿಗೆಯಿಂದ ತಮ್ಮನ ಸ್ಲೈಡ್ ತೆಗೆದಳು. ದೊಡ್ಡ ಮಸೂರದಲ್ಲಿ ನೋಡಬೇಕಾದರೆ ಸ್ಲೈಡಿನ ಮೇಲೆ ಒಂದು ತೊಟ್ಟು ಎಣ್ಣೆ ಬೇಕು. ನೋಡಿದ ಮೇಲೆ ಆ ಎಣ್ಣೆ ಒರೆಸುವ ರೂಢಿ ಅಲ್ಲಿರಲಿಲ್ಲ. ತಮ್ಮನ ಸ್ಲೈಡ್ ಒಣಗಿತ್ತು. ಅದರ ಹಿಂದಿನದೂ, ಮುಂದಿನದೂ. ಇಡೀ ಸಾಲಿನ ಮೇಲೆ ಧೂಳು ಕೂತಿತ್ತು.



"ಮೇಷ್ಟ್ರೇ, ಇವನ್ನ ನೋಡೇ ಇಲ್ವಲ್ಲ ನೀವು?"

ಮೇಷ್ಟ್ರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. "ನಿನ್ನ ಕಾರ್ಡಿನ ರಿಸಲ್ಟ್ ಪುಸ್ತಕ ಇತ್ತಲ್ಲಮ್ಮಾ, ಅದನ್ನ ನೋಡೇ ಬರೆದೆ. ನಿನ್ನ ಕೈಮೇಲೆ ಅಷ್ಟು ನಂಬಿಕೆ ಅನ್ಕೋ."

"ಸ್ಲೈಡಿನ ನೂರು ಕಡೆ ನೋಡದೆ ರೋಗಾಣು ಇಲ್ಲ ಅನ್ನಬಾರದು ಅಂತ ಕಲಿಸಿದ್ದು ಯಾರು?"

"ಆಗ ಕಣ್ಣಿತ್ತು, ಕಲಿಸಿದೆ." ನಕ್ಕಾಗ ನೆನೆದ ಬಿಸ್ಕತ್ತು ಹಲ್ಲಿನ ಸಂದಿಯಲ್ಲಿ ಕಂಡಿತು. ಇದೇ ಮನುಷ್ಯನ ಕಾಲಿಗೆ ಬಿದ್ದು ಕೆಲಸ ಆರಂಭಿಸಿದ್ದು ನೆನಪಾಗಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಎಣ್ಣೆ ಹಾಕಿ ಕೂತಳು. ಮೂವತ್ತೆಂಟನೆಯ ಕಡೆ ಒಂದು ರಕ್ತಕಣದೊಳಗೆ ನೀಲಿ ಉಂಗುರ, ಅಂಚಿನಲ್ಲಿ ಕೆಂಪು ಚುಕ್ಕೆ: ಮಲೇರಿಯಾದ ರೋಗಾಣು. ನಲವತ್ತೊಂದರಲ್ಲಿ ಇನ್ನೊಂದು. ಇಷ್ಟು ವಿರಳವಾಗಿದ್ದರೆ ಕಾರ್ಡಿಗೆ ಸಿಗದಿರಬಹುದು. ಸ್ಲೈಡ್ ಇದ್ದದ್ದೇ ಅದಕ್ಕೆ.

ಮೇಷ್ಟ್ರು ಬಗ್ಗಿ ನೋಡಿದರು. "ಒಂದೆರಡೇ ತಾನೇ?"

"ನನ್ನ ತಮ್ಮನ ರಕ್ತ ಅದು."

ಅವರ ಕೈಯಲ್ಲಿದ್ದ ಬಿಸ್ಕತ್ತು ಮುರಿದು ಲೋಟಕ್ಕೆ ಬಿತ್ತು. "ಮೊದ್ಲೇ ಹೇಳಿದ್ರೆ ನೋಡ್ತಿರ್ಲಿಲ್ವೇನೇ!" ಎಂದರು.

ಅವಳು ಅಮ್ಮನಿಗೆ ಫೋನ್ ಮಾಡಿದಳು.

ಹನ್ನೆರಡಕ್ಕೆ ತಮ್ಮನನ್ನು ಆಸ್ಪತ್ರೆಗೆ ಸೇರಿಸಿ ಔಷಧಿ ಶುರು ಮಾಡಿದರು. ಸಂಜೆ ಐದರೊಳಗೆ ಅವಳು ಇನ್ನೂ ಹತ್ತೊಂಬತ್ತು ಒಣ ಸ್ಲೈಡು ನೋಡಿದಳು. ಮೂರರಲ್ಲಿ ರೋಗಾಣು ಇತ್ತು. ಆ ಮೂವರಿಗೂ ಫೋನ್ ಮಾಡಿದಳು; ಇಬ್ಬರು ಎತ್ತಿದರು.