ಬಸವನಹುಳುವಿನ ಒಳಗೆ

ಮಳೆ ಬರುವ ದಿನವೇ ಹೋಗಬೇಕೆಂದು ಮಾವ ಪಟ್ಟು ಹಿಡಿದಿದ್ದರು. ಭಾನುವಾರ ಎದ್ದು ನೋಡಿದರೆ ಒಂದೇ ಸಮನೆ ಸುರಿಯುತ್ತಿತ್ತು. ಅವರು ಆಗಲೇ ಷೂ ಹಾಕಿಕೊಂಡು ಕೂತಿದ್ದರು.

ಶಿಲ್ಪವನದ ಟಿಕೆಟ್ ಕಿಟಕಿಯಲ್ಲಿದ್ದ ಹುಡುಗಿ ನಮ್ಮ ನಾಲ್ವರನ್ನೂ ನೋಡಿ, "ಎಲ್ಲಾ ಬಯಲಲ್ಲೇ ಇರೋದು, ಗೊತ್ತಲ್ವಾ?" ಎಂದಳು.

"ಇವರಿಗೆ ಹೇಳಮ್ಮ," ಎಂದರು ಅತ್ತೆ, ಮಾವನನ್ನು ತೋರಿಸಿ. "ಬಿಸಿಲಿದ್ದಾಗ ಮಗ ಐದು ವರ್ಷ ಕರೆದ. ಬರಲಿಲ್ಲ."

ಆ ಮಗ ನನ್ನ ಗಂಡ. ತೀರಿಕೊಂಡು ಎಂಟು ತಿಂಗಳಾಯಿತು. ಇಲ್ಲಿರುವ, ಒಳಗೆ ಹೊಕ್ಕು ನಡೆಯಬಹುದಾದ ಉಕ್ಕಿನ ದೊಡ್ಡ ಬಸವನಹುಳುವಿಗೆ ಬೆಸುಗೆ ಹಾಕಿದವನು ಅವನು. ಫಲಕದಲ್ಲಿ ಶಿಲ್ಪಿಯ ಹೆಸರು ಮಾತ್ರ ಇದೆ. ಮಾವ ಮೂವತ್ತು ವರ್ಷ ಬಾಯ್ಲರ್ ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡಿದವರು. ಮಗ ಅದೇ ಕಾರ್ಖಾನೆ ಬಿಟ್ಟು ಶಿಲ್ಪಿಗಳ ಜೊತೆ ಸೇರಿದಾಗ, "ಆಟದ ಸಾಮಾನು ಮಾಡೋಕೆ ಹೊರಟ" ಎಂದಿದ್ದರು. ನೋಡಲು ಬಾ ಎಂದು ಕರೆದಾಗಲೆಲ್ಲ "ನೋಡೋಣ" ಎನ್ನುತ್ತಿದ್ದರು.

ಬಾಯ್ಲರಿನ ಬೆಸುಗೆಯನ್ನು ನೀರು ತುಂಬಿ ಪರೀಕ್ಷಿಸುತ್ತಾರೆ. ಬಸವನಹುಳುವಿಗಾದರೆ ಮೇಲೆ ನೀರು ಸುರಿದು, ಒಳಗೆ ಸೋರುತ್ತದೆಯೇ ಎಂದು ನೋಡಬೇಕು. ಅದಕ್ಕೇ ಅವರಿಗೆ ಮಳೆ ಬೇಕಿತ್ತು.

"ನನ್ನ ಮಗನ ಕೆಲಸಕ್ಕೆ ನೀವು ಮಾರ್ಕ್ಸ್ ಹಾಕೋದನ್ನ ನಾನು ನೋಡಲ್ಲ," ಎಂದು ಅತ್ತೆ ಮೊಮ್ಮಗಳೊಂದಿಗೆ ಕೊಡೆ ಹಿಡಿದು ಹೊರಗೇ ನಿಂತರು.

"ಅಜ್ಜಿ, ಒಳಗೆ ಹುಳು ಇದೆಯಾ?" ಎಂದು ನನ್ನ ಮಗಳು ಕೇಳಿದಳು.

"ಈಗ ಹೋಗ್ತಾ ಇದೆಯಲ್ಲ."

ಒಳಗೆ ಬಗ್ಗಿಯೇ ನಡೆಯಬೇಕು. ನಾನು ಟಾರ್ಚ್ ಹಿಡಿದೆ. ಮಾವ ಒಂದೊಂದು ಬೆಸುಗೆಯ ಉದ್ದಕ್ಕೂ ಕರವಸ್ತ್ರ ಎಳೆದು, ಅದನ್ನು ಬೆಳಕಿಗೆ ಹಿಡಿದು ನೋಡಿದರು. ಒಣಗಿಯೇ ಇತ್ತು. ಅವನು ದುಡಿದ ಜಾಗದಲ್ಲಿ ನನಗೆ ಏನಾದರೂ ಅನಿಸಬಹುದು ಎಂದುಕೊಂಡಿದ್ದೆ. ಕೈ ನೋಯುತ್ತಿತ್ತು, ಅಷ್ಟೇ.

ಕೊನೆಯ ಸುರುಳಿಯಲ್ಲಿ ಕರವಸ್ತ್ರ ಒದ್ದೆಯಾಯಿತು. ಮಾವ ಒರೆಸಿ ಕಾದರು. ಮತ್ತೆ ಒಂದು ಹನಿ ಮೂಡಿತು.

"ಇಲ್ಲಿ ಸೋರ್ತಿದೆ."

ನಾನು ಟಾರ್ಚನ್ನು ಹನಿಯ ಹತ್ತಿರ ತಂದೆ. ಅವರು ಮಂಡಿಯೂರಿ, ಕತ್ತು ಓರೆ ಮಾಡಿ, ಹನಿ ಇಳಿಯುತ್ತಿದ್ದ ಸಂದಿಯ ಆಳಕ್ಕೆ ಬೆಸುಗೆ ಹಾಕುವವರಂತೆ ಬಲಗೈ ಚಾಚಿದರು. ಎಟುಕಲಿಲ್ಲ. ಎಡಗೈ ಚಾಚಿದರು. ಬೆರಳ ತುದಿ ಮಾತ್ರ ತಾಗಿತು.

"ಎಡಗೈಲಿ ಹಾಕಿದಾನೆ," ಎಂದರು. "ಕಣ್ಣಿಗೂ ಕಂಡಿರಲ್ಲ. ನನ್ನ ಕೈಲಿ ಇಷ್ಟೂ ಆಗ್ತಿರಲಿಲ್ಲ."

ಅಲ್ಲೇ ಕೂತು ಕರವಸ್ತ್ರ ಹಿಂಡಿದರು. "ಚೆನ್ನಾಗಿ ಮಾಡಿದಾನೆ."

"ಅತ್ತೆಗೆ ಹೇಳಿ ಮಾವ."

"ನೀನೇ ಹೇಳಮ್ಮ. ನಾನು ಹೇಳಿದ್ರೆ ಅವಳು ನಂಬಲ್ಲ."

ಟಾರ್ಚನ್ನು ಅವರ ಕೈಗೆ ಕೊಟ್ಟು ಹೊರಗೆ ಬಂದು, ಅತ್ತೆಗೆ ಸೋರುವುದನ್ನೂ ಹೇಳಿದೆ, ಮಾವ ಅಂದದ್ದನ್ನೂ ಹೇಳಿದೆ.

"ಅವರ ಬಾಯಿಂದಲೇ ಬಂತಾ?"

"ಹೂಂ."

"ಅಳ್ತಿದಾರಾ?"

"ಇಲ್ಲ. ಬೆಸುಗೆ ನೋಡ್ತಿದಾರೆ."

ಅತ್ತೆ ಕೊಡೆಯನ್ನೂ ಮೊಮ್ಮಗಳ ಕೈಯನ್ನೂ ನನಗೆ ಕೊಟ್ಟು, ಬಗ್ಗಿ ಒಳಗೆ ಹೋದರು.

"ಎಲ್ಲಿ, ಯಾವುದು ಸೋರೋದು, ತೋರಿಸಿ," ಎಂಬ ಮಾತು ಕೇಳಿಸಿತು.

"ನಿಧಾನ ಬಾ," ಎಂದರು ಮಾವ. "ತಲೆ ತಾಗುತ್ತೆ."